ಸಂಘದ ಷೇರು, ಪೇಟೆಯ ಷೇರು

(ಸತ್ತಿಯಲ್ಲಿ ಹಾಲು ಉತ್ಪಾದಕ ಸದಸ್ಯರನ್ನು ಉದ್ದೇಶಿಸಿ ಮಾಡಿದ ಭಾಷಣ)



ದನದ ಡಾಕ್ಟರು ಕೆಚ್ಚಲುಬಾವಿನ ಮಾತು ಬಿಟ್ಟು ಷೇರು ಪೇಟೆಯ ಮಾತು ಏಕೆ ತೆಗೆದರು ಎಂದು ತಾವು ಕೇಳಬಹುದು. ಈಗ ಕೊಟ್ಟಿಗೆಗೆ ಹೋದರೆ ಎಮ್ಮೆ ತೋರಿಸುವ ಮೊದಲು ಮೊಬೈಲಿನಲ್ಲಿ ಷೇರಿನ ದರ ತೋರಿಸುವ ಯುವಕರಿದ್ದಾರೆ. ಗಬ್ಬದ ಎಮ್ಮೆ ಮಾರಿ ಆ ಹಣವನ್ನು ಷೇರಿಗೆ ಹಾಕಬಹುದೇ ಎಂದು ಕೇಳಿದವರೂ ಉಂಟು. ಆದ್ದರಿಂದ ಈ ಮಾತು.

ಷೇರು ಎಂಬ ಶಬ್ದ ನಮಗೆ ಹೊಸದಲ್ಲ. ಹಾಲಿನ ಸಂಘದಲ್ಲಿ ನಮ್ಮೆಲ್ಲರ ಷೇರು ಇದೆ, ಹಲವರದು ಸಕ್ಕರೆ ಕಾರ್ಖಾನೆಯಲ್ಲೂ ಇದೆ. ಆದರೆ ಸಂಘದಲ್ಲಿ ಎಷ್ಟೇ ಷೇರು ಇದ್ದರೂ ಒಬ್ಬರಿಗೆ ಒಂದೇ ಮತ. ಬೋನಸ್ ಬರುವುದು ಹಾಕಿದ ಹಾಲಿನ ಮೇಲೆ. ಆ ಷೇರಿನ ಬೆಲೆ ದಿನಾಲು ಏರಿಳಿಯುವುದಿಲ್ಲ. ಪೇಟೆಯ ಕಂಪನಿಯಲ್ಲಿ ಷೇರು ಹೆಚ್ಚಿದ್ದವನದೇ ಮಾತು. ಬೆಲೆಯೋ ಕೊಳ್ಳುವವರ ಮನಸ್ಸಿನಂತೆ. ನಂದಿನಿಯ ಷೇರು ಕೊಡಿಸುತ್ತೇನೆಂದು ಯಾರಾದರೂ ಬಂದರೆ ನಂಬಬೇಡಿ. ನಮ್ಮ ಮಹಾಮಂಡಳ ಸಹಕಾರಿ ಸಂಸ್ಥೆ, ಅದರ ಷೇರು ಪೇಟೆಯಲ್ಲಿ ಮಾರಾಟಕ್ಕಿಲ್ಲ.

ಯುವಕರಿಗೆ ಹೆಚ್ಚು ಮೋಹ ದೊಡ್ಡ ಅಂಗಡಿಗಳ ಕಂಪನಿಗಳದು. "ಅಂಗಡಿ ತುಂಬ ಜನ, ಮುಳುಗುವುದು ಹೇಗೆ ಸಾರ್?" ಎನ್ನುತ್ತಾರೆ. ಬಿಗ್ ಬಜಾರ್ ಅಂಗಡಿಗಳಲ್ಲೂ ಜನ ತುಂಬಿರುತ್ತಿದ್ದರು. ಅದನ್ನು ನಡೆಸುತ್ತಿದ್ದ ಫ್ಯೂಚರ್ ರಿಟೇಲ್ ಕಂಪನಿಯ ಷೇರು 2017ರ ಕೊನೆಗೆ 500 ರೂಪಾಯಿ ದಾಟಿತ್ತು. ಸಾಲ ಬೆಳೆಯಿತು, ಕೋವಿಡ್ ಬಂತು, ಬಾಡಿಗೆ ಕಟ್ಟಲಾಗಲಿಲ್ಲ. 2022ರಲ್ಲಿ ನೂರಾರು ಅಂಗಡಿಗಳು ಕೈಬಿಟ್ಟವು, ಕಂಪನಿ ದಿವಾಳಿ ನ್ಯಾಯಮಂಡಳಿಯ ಮುಂದೆ ನಿಂತಿತು, ಷೇರು 10 ರೂಪಾಯಿಗಿಂತ ಕೆಳಗೆ ಬಿತ್ತು. ಒಂದು ಎಮ್ಮೆಯ ಬೆಲೆ ಎಂದು 50,000 ಹಾಕಿದವನ ಕೈಯಲ್ಲಿ ಸಾವಿರವೂ ಉಳಿಯಲಿಲ್ಲ. 2024ರಲ್ಲಿ ಕಂಪನಿಯನ್ನು ಮುಚ್ಚಿ ಆಸ್ತಿ ಮಾರಲು ಆದೇಶವಾಯಿತು. ಹಾಗೆ ಮಾರಿ ಬಂದ ಹಣ ಮೊದಲು ಸಾಲ ಕೊಟ್ಟವರಿಗೆ. ಷೇರುದಾರನ ಸರದಿ ಎಲ್ಲರಿಗಿಂತ ಕೊನೆಗೆ. 1905ರಲ್ಲಿ ಹಾಲು ಬೆಣ್ಣೆಯ ವ್ಯಾಪಾರದಿಂದ ಹುಟ್ಟಿದ ನೀಲಗಿರೀಸ್, ಬೆಂಗಳೂರಿನವರಿಗೆ ಮನೆಮಾತಾದ ಅಂಗಡಿ, 2014ರಲ್ಲಿ ಇದೇ ಸಮೂಹದ ಕೈಸೇರಿತ್ತು.

ಡಿ-ಮಾರ್ಟ್‌ದು ಬೇರೆ ಕಥೆ. 2002ರಲ್ಲಿ ಮುಂಬಯಿಯಲ್ಲಿ ಮೊದಲ ಅಂಗಡಿ. ಬಹುಪಾಲು ಜಾಗ ಸ್ವಂತದ್ದು, ಬಾಡಿಗೆಯ ಹೊರೆ ಕಡಿಮೆ. 2017ರಲ್ಲಿ 299 ರೂಪಾಯಿಗೆ ಕೊಟ್ಟ ಷೇರು ಪೇಟೆಗೆ ಬಂದ ಮೊದಲ ದಿನವೇ ಇಮ್ಮಡಿಯಾಯಿತು. 2021ರ ಅಕ್ಟೋಬರದಲ್ಲಿ 5,000 ದಾಟಿತು. ಆಗ ಆಸೆಬಿದ್ದು ಕೊಂಡವರು 2023ರಲ್ಲಿ ಅದೇ ಷೇರನ್ನು 4,000ದ ಕೆಳಗೆ ಕಂಡರು. ಕಂಪನಿಗೆ ಲಾಭವೇ ಇತ್ತು. ಒಳ್ಳೆಯ ಎಮ್ಮೆಗೆ ಎರಡು ಪಟ್ಟು ಹಣ ಕೊಟ್ಟರೆ ಅದು ಎರಡು ಪಟ್ಟು ಹಿಂಡುತ್ತದೆಯೇ?

ಸಂತೆಯಲ್ಲಿ ನಾವು ಹಲ್ಲು ನೋಡುತ್ತೇವೆ, ಎಷ್ಟನೇ ಸೂಲು ಎಂದು ಕೇಳುತ್ತೇವೆ, ನಾಲ್ಕೂ ಮೊಲೆ ಹಿಂಡಿ ನೋಡುತ್ತೇವೆ. ಷೇರು ಕೊಳ್ಳುವವನು ಕಂಪನಿಯ ವಾರ್ಷಿಕ ವರದಿಯನ್ನು ಹಾಗೆಯೇ ನೋಡಬೇಕು: ಸಾಲ ಎಷ್ಟು, ಐದು ವರ್ಷ ಲಾಭ ಬಂದಿದೆಯೇ, ಮಾಲೀಕರು ತಮ್ಮ ಷೇರನ್ನು ಅಡವಿಟ್ಟಿದ್ದಾರೆಯೇ. ಇಷ್ಟು ನೋಡಲು ಪುರುಸೊತ್ತಿಲ್ಲದವರು ಬಿಡಿ ಷೇರಿಗೆ ಕೈಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಹಲವು ಕಂಪನಿಗಳ ಷೇರು ಒಟ್ಟಿಗಿರುವ ಮ್ಯೂಚುವಲ್ ಫಂಡಿನಲ್ಲಿ ತಿಂಗಳಿಗೆ ಐದುನೂರು ಕಟ್ಟಬಹುದು. ಅದರಲ್ಲೂ ಏರಿಳಿತ ಇದ್ದೇ ಇದೆ.

ಆಪ್ಶನ್ ಎಂಬ ಆಟದ ಹತ್ತಿರ ಮಾತ್ರ ಹೋಗಬೇಡಿ. ಫ್ಯೂಚರ್ ಮತ್ತು ಆಪ್ಶನ್ ವ್ಯವಹಾರದಲ್ಲಿ 2021-22ರಿಂದ ಮೂರು ವರ್ಷ ನೂರಕ್ಕೆ 93 ಜನ ಹಣ ಕಳೆದುಕೊಂಡರೆಂದು ಸೆಬಿಯೇ 2024ರಲ್ಲಿ ಲೆಕ್ಕ ಕೊಟ್ಟಿದೆ.

ಇನ್ನು ಎಮ್ಮೆ ಮಾರುವ ಪ್ರಶ್ನೆ. ಬೇಡ. ಗಬ್ಬದ ಎಮ್ಮೆ ಈದ ಮೇಲೆ ಹಾಲಿನ ಬಿಲ್ಲು ತರುತ್ತದೆ, ಕರು ಕೊಡುತ್ತದೆ, ಸೆಗಣಿ ಕಬ್ಬಿನ ಹೊಲಕ್ಕಾಗುತ್ತದೆ. ಹಾಲಿನ ಬಿಲ್ಲಿನಲ್ಲಿ ಮೊದಲು ಹಿಂಡಿ, ಮೇವು, ರಾಸಿನ ವಿಮೆಯ ಕಂತು, ಸೊಸೈಟಿಯ ಸಾಲ ತೀರಲಿ. ನಾಲ್ಕಾರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿರಲಿ. ಆಮೇಲೂ ಉಳಿದರೆ ಐದಾರು ವರ್ಷ ಮುಟ್ಟದೆ ಬಿಡಬಹುದಾದ ಹಣವನ್ನಷ್ಟೇ ಪೇಟೆಗೆ ಹಾಕಿ. ಹಾಕುವ ಮೊದಲು ದಲ್ಲಾಳಿ ಸೆಬಿಯಲ್ಲಿ ನೋಂದಾಯಿಸಿದವನೇ ಎಂದು ವಿಚಾರಿಸಿ. ವಾಟ್ಸಾಪಿನಲ್ಲಿ ಬಂದ ಆ್ಯಪಿಗೆ ಹಣ ಹಾಕಿ ಮೋಸಹೋದರೆ ನಾಚಿಕೊಂಡು ಸುಮ್ಮನಿರದೆ ತಕ್ಷಣ 1930ಕ್ಕೆ ಫೋನ್ ಮಾಡಿ.