ಹಳೆಯ ಸರ್ವರು ಗುಜರಿಗೆ ಹೋದಾಗ

(ನಗರದ ಪದವಿ ಕಾಲೇಜೊಂದರ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ನೀಡಿದ ಉಪನ್ಯಾಸದ ಪಠ್ಯ)



'ಸರ್ವರ್ ಇಲ್ಲ, ನಾಳೆ ಬನ್ನಿ.' ಈ ಮಾತನ್ನು ಕೇಳದವರು ಈ ಸಭೆಯಲ್ಲಿ ಯಾರೂ ಇರಲಾರರು. ನ್ಯಾಯಬೆಲೆ ಅಂಗಡಿಯಲ್ಲಿ, ನಾಡಕಚೇರಿಯಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ನಾವೆಲ್ಲ ಅದನ್ನು ಕೇಳಿದ್ದೇವೆ. ಒಂದು ಕಾಲದಲ್ಲಿ 'ಸಾಹೇಬರು ಇಲ್ಲ' ಎನ್ನುತ್ತಿದ್ದ ಜಾಗದಲ್ಲಿ ಈಗ 'ಸರ್ವರ್ ಇಲ್ಲ' ಎನ್ನುತ್ತಾರೆ. ಆದರೆ ಈ ಸರ್ವರು ನಿಜವಾಗಿಯೂ ಇಲ್ಲವಾದಾಗ, ಅಂದರೆ ಅದಕ್ಕೆ ವಯಸ್ಸಾಗಿ ಕಚೇರಿಯಿಂದ ಹೊರಬಿದ್ದಾಗ, ಎಲ್ಲಿಗೆ ಹೋಗುತ್ತದೆ? ಇಂದು ನಾನು ಮಾತನಾಡಬೇಕೆಂದಿರುವುದು ಆ ವಿಚಾರವನ್ನು.

ನಾನು ಎಂಜಿನಿಯರ್ ಅಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿ ವರದಿಗಾರಿಕೆಗೆ ಬಂದವಳು. ಈ ವಿಷಯಕ್ಕೆ ಬಿದ್ದದ್ದು ಆಕಸ್ಮಿಕ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ, ಅದರ ಹೆಸರು ಬೇಡ, ಕೆರೆಯೊಂದರ ಒತ್ತುವರಿ ಬಗ್ಗೆ ಬರೆಯಬೇಕಿತ್ತು. ಅದೇ ಕೆರೆಯ ಬಗ್ಗೆ ಹದಿನೈದು ವರ್ಷಗಳ ಹಿಂದೆ ನಮ್ಮ ತಾಲ್ಲೂಕು ಬಾತ್ಮೀದಾರರೊಬ್ಬರು ಸರಣಿ ವರದಿ ಬರೆದಿದ್ದರೆಂದು ಹಿರಿಯರು ಹೇಳಿದರು. ಆ ವರ್ಷದ ಬೈಂಡ್ ಮಾಡಿದ ಸಂಪುಟ ಮಳೆಗಾಲದಲ್ಲಿ ಸೋರಿದ ನೀರಿಗೆ ಸಿಕ್ಕಿ ಹಾಳಾಗಿತ್ತು. 'ಹಳೇ ಸರ್ವರಿನಲ್ಲಿ ಎಲ್ಲ ಪುಟಗಳೂ ಇವೆ, ನೋಡಿ' ಎಂದರು. ಉಗ್ರಾಣಕ್ಕೆ ಹೋಗಿ ನೋಡಿದರೆ ಗೋಡೆಯ ಮೇಲೆ ಅದರ ಗುರುತು ಮಾತ್ರ ಇತ್ತು. ಹಿಂದಿನ ವಾರವಷ್ಟೇ ಮುರಿದ ಕುರ್ಚಿ, ಕೆಟ್ಟ ಫ್ಯಾನುಗಳ ಜೊತೆಗೆ ಅದನ್ನೂ ತೂಕಕ್ಕೆ ಹಾಕಿ ಗುಜರಿಗೆ ಕೊಟ್ಟಿದ್ದರು. ನಾನು ಚೀಟಿಯಲ್ಲಿದ್ದ ವಿಳಾಸ ಹಿಡಿದು ಗುಜರಿ ಅಂಗಡಿಗೆ ಹೋದೆ.

ಬಿಚ್ಚುವ ವಿದ್ಯೆ

ಸರ್ವರ್ ಎಂದರೆ ವಿಶೇಷವಾದ ಮಾಯಾಯಂತ್ರವೇನಲ್ಲ. ಅನೇಕರ ಗಣಕಯಂತ್ರಗಳಿಗೆ ಬೇಕಾದ ಮಾಹಿತಿಯನ್ನು ಒಂದೆಡೆ ಇಟ್ಟುಕೊಂಡು, ಕೇಳಿದಾಗ ಒದಗಿಸುವ ಗಟ್ಟಿಮುಟ್ಟಾದ ಇನ್ನೊಂದು ಗಣಕಯಂತ್ರ. ಹಗಲಿರುಳೂ ನಡೆಯಬೇಕಾದ್ದರಿಂದ ಅದಕ್ಕೆ ವಿದ್ಯುತ್ ಪೂರೈಸುವ ಘಟಕಗಳು ಎರಡು, ಫ್ಯಾನುಗಳು ಹಲವು, ಮಾಹಿತಿ ಇಡುವ ಹಾರ್ಡ್ ಡಿಸ್ಕುಗಳು ನಾಲ್ಕೋ ಎಂಟೋ ಇರುತ್ತವೆ. ದೊಡ್ಡ ಸಂಸ್ಥೆಗಳು ಇದನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷಕ್ಕೆ ಬದಲಿಸುತ್ತವೆ. ಯಂತ್ರ ಕೆಟ್ಟಿತೆಂದಲ್ಲ; ಹೊಸದು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಮಾಡುತ್ತದೆ, ಹಳೆಯದಕ್ಕೆ ಕಂಪನಿಯ ದುರಸ್ತಿ ಕರಾರು ಮುಗಿದಿರುತ್ತದೆ ಎಂಬ ಕಾರಣಕ್ಕೆ.

ಅಂಗಡಿಯ ಯಜಮಾನರು ಗೋಣಿಚೀಲ ಹಾಸಿಕೊಂಡು ಅಂಥದ್ದೇ ಇನ್ನೊಂದು ಸರ್ವರು ಬಿಚ್ಚುತ್ತ ಕುಳಿತಿದ್ದರು. ಅವರ ಕೈಯಲ್ಲಿದ್ದದ್ದು ಎರಡು ಸ್ಕ್ರೂ ಡ್ರೈವರ್, ಒಂದು ಇಕ್ಕಳ, ಒಂದು ಸುತ್ತಿಗೆ. ಮೊದಲು ಉಕ್ಕಿನ ಹೊರಕವಚ ಒಂದು ರಾಶಿಗೆ ಹೋಯಿತು. ಬಳಿಕ ಫ್ಯಾನುಗಳು, ವಿದ್ಯುತ್ ಘಟಕ. ಅದರೊಳಗಿನ ಸುರುಳಿಗಳಲ್ಲಿ ತಾಮ್ರ ಇರುತ್ತದೆ. ಪ್ರೊಸೆಸರಿನ ಮೇಲೆ ಕೂತ, ಬಿಸಿ ಹೀರುವ ಅಲ್ಯೂಮಿನಿಯಂ ಗಟ್ಟಿ ಬೇರೆ ರಾಶಿಗೆ. ಮೆಮೊರಿ ಪಟ್ಟಿಗಳು ಮತ್ತು ಪ್ರೊಸೆಸರ್ ಮಾತ್ರ ನೆಲಕ್ಕೆ ಬೀಳಲಿಲ್ಲ. ಅವು ಒಂದು ಡಬ್ಬಕ್ಕೆ ಹೋದವು. ಕೊನೆಗೆ ಉಳಿದದ್ದು ಹಸಿರು ಬಣ್ಣದ ಅಗಲವಾದ ಬೋರ್ಡು.

'ಸರ್ವರ್ ಮಾಲು ಅಂದ್ರೆ ಒಳ್ಳೇ ಮಾಲು ಮೇಡಂ. ಮನೆ ಕಂಪ್ಯೂಟರಿನ ಬೋರ್ಡಿಗಿಂತ ಇದಕ್ಕೆ ರೇಟು ಜಾಸ್ತಿ' ಎಂದರು ಯಜಮಾನರು.

'ಯಾಕೆ ಯಜಮಾನ್ರೇ?'

'ಇದ್ರಲ್ಲಿ ಚಿನ್ನ ಇದೆಯಲ್ಲ!'

ಅದರಲ್ಲಿ ಉತ್ಪ್ರೇಕ್ಷೆಯಿಲ್ಲ. ಮೆಮೊರಿ ಪಟ್ಟಿಯ ಅಂಚಿನಲ್ಲಿ ಮಿಂಚುವ ಹಳದಿ ಗೆರೆಗಳು ಚಿನ್ನದ ಲೇಪನವೇ. ತಾಮ್ರ ಗಾಳಿಗೆ ಕಿಲುಬುಗಟ್ಟುತ್ತದೆ, ಬೆಳ್ಳಿ ಕಪ್ಪಾಗುತ್ತದೆ; ಚಿನ್ನಕ್ಕೆ ಅದರ ಕಾಟವಿಲ್ಲ. ವರ್ಷಾನುಗಟ್ಟಲೆ ಕೈಕೊಡದೆ ವಿದ್ಯುತ್ ಹರಿಯಬೇಕಾದ ಕಡೆಯಲ್ಲೆಲ್ಲ ತೆಳುವಾಗಿ ಚಿನ್ನ ಬಳಿಯುತ್ತಾರೆ. ಸರ್ವರುಗಳಲ್ಲಿ ಇಂಥ ಜಾಗಗಳು ಹೆಚ್ಚು.

ಕೋಲಾರದ ಚಿನ್ನ, ಕಂಪ್ಯೂಟರಿನ ಚಿನ್ನ

ಕನ್ನಡಿಗರಿಗೆ ಚಿನ್ನದ ಗಣಿ ಎಂದರೆ ಕೋಲಾರ. 1880ರ ದಶಕದಿಂದ 2001ರಲ್ಲಿ ಮುಚ್ಚುವವರೆಗೆ ಅಲ್ಲಿ ತೆಗೆದ ಚಿನ್ನ ಸುಮಾರು 800 ಟನ್ ಎಂಬ ಲೆಕ್ಕವಿದೆ. ಆ ಗಣಿಗೆಂದೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿಸಲಾಯಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಕಲ್ಲು ಒಡೆದವರ ಬೆವರು ಅದರಲ್ಲಿದೆ. ಕೊನೆಯ ವರ್ಷಗಳಲ್ಲಿ ಒಂದು ಟನ್ ಅದಿರನ್ನು ಅರೆದರೆ ಸಿಗುತ್ತಿದ್ದುದು ಕೆಲವೇ ಗ್ರಾಂ ಚಿನ್ನ. ಆದರೆ ಹಳೆಯ ಕಂಪ್ಯೂಟರುಗಳ ಉತ್ತಮ ದರ್ಜೆಯ ಬೋರ್ಡುಗಳ ಒಂದು ಟನ್ನಿನಲ್ಲಿ ನೂರು ಗ್ರಾಂ ಮೀರಿದ ಚಿನ್ನ ಇರುತ್ತದೆ. ಜೊತೆಗೆ ಬೆಳ್ಳಿ, ಪಲ್ಲಾಡಿಯಂ, ಹೇರಳ ತಾಮ್ರ. ಗಣಿ ನೆಲದಡಿಯಿಂದ ನಮ್ಮ ಉಗ್ರಾಣಗಳಿಗೆ ಸ್ಥಳಾಂತರಗೊಂಡಿದೆ ಎಂದರೂ ತಪ್ಪಿಲ್ಲ.

ಜಪಾನೀಯರು ಇದನ್ನು ಜಗತ್ತಿಗೇ ತೋರಿಸಿದರು. ಟೋಕಿಯೊ ಒಲಿಂಪಿಕ್ಸ್ ಪದಕಗಳಿಗಾಗಿ 2017ರಿಂದ 2019ರವರೆಗೆ ಜನರಿಂದ ಸುಮಾರು 79 ಸಾವಿರ ಟನ್ ಹಳೆಯ ಸಣ್ಣ ವಿದ್ಯುನ್ಮಾನ ಉಪಕರಣಗಳನ್ನೂ, 62 ಲಕ್ಷ ಮೊಬೈಲುಗಳನ್ನೂ ಸಂಗ್ರಹಿಸಿದರು. ಅದರಿಂದ ಸಿಕ್ಕಿದ್ದು 32 ಕಿಲೊ ಚಿನ್ನ, 3,500 ಕಿಲೊ ಬೆಳ್ಳಿ, 2,200 ಕಿಲೊ ಕಂಚು.

ಕಸದಲ್ಲಿ ಚಿನ್ನ ಹುಡುಕುವುದು ನಮಗೂ ಹೊಸದಲ್ಲ. ಕನ್ನಡದಲ್ಲಿ 'ಜಲಗಾರ' ಎಂಬ ಪದವಿದೆ. ಬೀದಿ ಗುಡಿಸುವವನು ಎಂಬುದು ನಮಗೆ ಗೊತ್ತಿರುವ ಅರ್ಥ. ಮಣ್ಣನ್ನೂ ಬೂದಿಯನ್ನೂ ನೀರಿನಲ್ಲಿ ತೊಳೆದು ಚಿನ್ನದ ಪುಡಿ ಹುಡುಕುವವನು ಎಂಬುದು ಅದರ ಇನ್ನೊಂದು ಅರ್ಥ. ಅಕ್ಕಸಾಲಿಗರ ಅಂಗಡಿಯ ಮುಂದಿನ ದೂಳು ಗುಡಿಸಿ ಒಯ್ಯುವವರು ಈಗಲೂ ಇದ್ದಾರೆ. ಕಸ ಮತ್ತು ಚಿನ್ನವನ್ನು ಒಂದೇ ಪದದಲ್ಲಿ ಹಿಡಿದಿಟ್ಟ ಭಾಷೆ ನಮ್ಮದು. ಆದರೆ ಆ ಜಲಗಾರನಿಗೆ ಬೇಕಿದ್ದುದು ನೀರು ಮಾತ್ರ; ಇಂದಿನವನಿಗೆ ಬೇಕಾದದ್ದು ಬೆಂಕಿ ಮತ್ತು ಆಮ್ಲ. ಅಪಾಯ ಶುರುವಾಗುವುದೇ ಇಲ್ಲಿ.

ಹೊಗೆಯ ಬೆಲೆ

ಸ್ಕ್ರೂ ಬಿಚ್ಚುವವರೆಗೆ ಈ ಕಸುಬಿನಲ್ಲಿ ದೊಡ್ಡ ಕೆಡುಕಿಲ್ಲ. ನಿಜ ಹೇಳಬೇಕೆಂದರೆ, ಇಡೀ ಯಂತ್ರವನ್ನು ಗಿರಣಿಗೆ ಹಾಕಿ ಪುಡಿ ಮಾಡುವುದಕ್ಕಿಂತ ಕೈಯಿಂದ ಬಿಚ್ಚಿದಾಗ ಲೋಹಗಳು ಚೊಕ್ಕವಾಗಿ ಬೇರ್ಪಡುತ್ತವೆ. ತೊಂದರೆ ಇರುವುದು ಮುಂದಿನ ಹಂತದಲ್ಲಿ. ತಾಮ್ರಕ್ಕಾಗಿ ತಂತಿಯನ್ನು ಬಯಲಿನಲ್ಲಿ ಸುಟ್ಟಾಗ ಅದರ ಮೇಲಿನ ಪಿವಿಸಿ ಹೊದಿಕೆಯಿಂದ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ಬೋರ್ಡುಗಳಿಗೆ ಬೆಂಕಿ ತಗುಲದಿರಲೆಂದು ಬೆರೆಸಿದ ಬ್ರೋಮಿನ್ ಸಂಯುಕ್ತಗಳೂ ಹೊಗೆಯಲ್ಲಿ ಸೇರುತ್ತವೆ. ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ಸೀಸವಿದೆ. ಅದು ಮಕ್ಕಳ ಮೆದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸಬಲ್ಲದು. ಚಿನ್ನಕ್ಕಾಗಿ ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣದಲ್ಲಿ ಬೋರ್ಡಿನ ಚೂರುಗಳನ್ನು ಅದ್ದುತ್ತಾರೆ. ಕೆಲಸ ಮುಗಿದ ಮೇಲೆ ಆ ದ್ರವ ಚರಂಡಿಗೆ ಹೋಗುತ್ತದೆ.

ದೆಹಲಿಯ ಸೀಲಂಪುರ, ಹಿತ್ತಾಳೆ ಪಾತ್ರೆಗಳಿಗೆ ಹೆಸರಾದ ಉತ್ತರ ಪ್ರದೇಶದ ಮೊರಾದಾಬಾದ್, ಚೀನಾದ ಗುಯಿಯು, ಘಾನಾ ದೇಶದ ಅಗ್ಬೊಗ್ಬ್ಲೋಷಿ ಈ ಕಸುಬಿನಿಂದಲೇ ಜಗತ್ತಿಗೆ ಪರಿಚಿತವಾದ ಊರುಗಳು. ಮೊರಾದಾಬಾದಿನಲ್ಲಿ ಬೋರ್ಡು ಸುಟ್ಟ ಬೂದಿ ರಾಮಗಂಗಾ ನದಿಯ ದಂಡೆಯನ್ನೇ ಕಪ್ಪಾಗಿಸಿತು. ಘಾನಾದ ಆ ಬಯಲನ್ನು ಸರ್ಕಾರ 2021ರಲ್ಲಿ ತೆರವುಗೊಳಿಸಿತು.

ಇಷ್ಟೆಲ್ಲ ವಿಷ ಕುಡಿದು ಸಿಗುವುದಾದರೂ ಎಷ್ಟು? ಬೆಂಗಳೂರಿನದೇ ಉದಾಹರಣೆ ಇದೆ. 2000ದ ದಶಕದಲ್ಲಿ ಸ್ವಿಟ್ಜರ್ಲೆಂಡಿನ ತಜ್ಞರು ಇಲ್ಲಿನ ಹಿತ್ತಲ ಚಿನ್ನ ತೆಗೆಯುವವರ ಕೆಲಸವನ್ನು ಅಳೆದು ನೋಡಿದರು. ಬೋರ್ಡಿನಲ್ಲಿದ್ದ ಚಿನ್ನದ ಕಾಲು ಭಾಗದಷ್ಟು ಮಾತ್ರ ಕೈಗೆ ಬರುತ್ತಿತ್ತು. ಆಧುನಿಕ ಕರಗು ಕಾರ್ಖಾನೆಗಳಲ್ಲಾದರೆ ಶೇ 95ರಷ್ಟು ಸಿಗುತ್ತದೆ. ಅಂದರೆ ಆಮ್ಲದ ಹಬೆ ಕುಡಿದವನು ತನ್ನ ಆರೋಗ್ಯವನ್ನೂ ಕಳೆದುಕೊಂಡ, ಮುಕ್ಕಾಲು ಪಾಲು ಚಿನ್ನವನ್ನೂ ಚರಂಡಿಗೆ ಚೆಲ್ಲಿದ!

ಕಾನೂನು ಇಲ್ಲವೆಂದಲ್ಲ. ಇ-ತ್ಯಾಜ್ಯದ ನಿಯಮಗಳನ್ನು ಕೇಂದ್ರ ಸರ್ಕಾರ 2011ರಲ್ಲಿ ರೂಪಿಸಿ 2012ರ ಮೇ ತಿಂಗಳಿಂದ ಜಾರಿಗೆ ತಂದಿತು. 2016ರಲ್ಲಿ ಅವನ್ನು ಬಿಗಿಗೊಳಿಸಲಾಯಿತು. 2022ರ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಯಂತ್ರ ತಯಾರಿಸಿ ಮಾರಿದವರೇ ಅದರ ಅಂತ್ಯಕ್ಕೂ ಹೊಣೆ ಎಂಬುದು ಇವುಗಳ ತಿರುಳು. ದೊಡ್ಡ ಬಳಕೆದಾರ ಸಂಸ್ಥೆಗಳು ನೋಂದಾಯಿತರಿಗೇ ಇ-ತ್ಯಾಜ್ಯ ಕೊಡಬೇಕು. ಇದಕ್ಕೆಲ್ಲ ಮೊದಲೇ, 2005ರಲ್ಲಿ, ನಮ್ಮ ದಾಬಸ್‌ಪೇಟೆಯಲ್ಲಿ 'ಇ-ಪರಿಸರ' ಎಂಬ ಸಂಸ್ಥೆ ಆರಂಭವಾಗಿ, ದೇಶದಲ್ಲೇ ಮೊದಲ ಅಧಿಕೃತ ಇ-ತ್ಯಾಜ್ಯ ಮರುಬಳಕೆ ಘಟಕವೆನಿಸಿತು. ಆದರೂ ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಲೆಕ್ಕಕ್ಕೆ ಸಿಕ್ಕಿ ಸರಿಯಾಗಿ ಮರುಬಳಕೆಯಾದದ್ದು ಶೇ 22.3 ಮಾತ್ರ. ಗುಜರಿಯವರು ಮನೆ ಬಾಗಿಲಿಗೇ ಬಂದು ರೊಕ್ಕ ಎಣಿಸುತ್ತಾರೆ. ಕಾನೂನಿನ ದಾರಿಯಲ್ಲಿ ಫಾರಂ ತುಂಬಬೇಕು, ಕಾಯಬೇಕು. ಹೀಗಾಗಿ ಗುಜರಿಯವರನ್ನು ಓಡಿಸಿ ಈ ಸಮಸ್ಯೆ ಬಗೆಹರಿಯದು. ಸಂಗ್ರಹಿಸುವ, ಬಿಚ್ಚುವ ಕೆಲಸ ಅವರ ಕೈಯಲ್ಲೇ ಇರಲಿ, ಬೋರ್ಡು ಮಾತ್ರ ಸುಸಜ್ಜಿತ ಕಾರ್ಖಾನೆಗೆ ಹೋಗಲಿ, ಅದಕ್ಕೆ ಅವರಿಗೆ ನ್ಯಾಯವಾದ ಬೆಲೆ ಸಿಗಲಿ ಎಂದು ತಜ್ಞರು ಹೇಳುತ್ತಾರೆ. ನನಗೂ ಅದೇ ಸರಿಯೆನ್ನಿಸುತ್ತದೆ.

ಅಳಿಸಬೇಕಾದದ್ದು, ಉಳಿಸಬೇಕಾದದ್ದು

ಈಗ ನಮ್ಮ ಸರ್ವರಿಗೆ ಬರೋಣ. ಅದರಲ್ಲಿ ನಾಲ್ಕು ಡಿಸ್ಕುಗಳಿದ್ದವು. ಯಜಮಾನರ ಬಳಿ ಉಳಿದಿದ್ದು ಎರಡು. ಉಳಿದೆರಡನ್ನು ಅಯಸ್ಕಾಂತಕ್ಕಾಗಿ ಒಡೆದಾಗಿತ್ತು. 'ಅರ್ಧ ಸಿಕ್ಕಿತಲ್ಲ' ಎಂದು ಸಂತೋಷಪಟ್ಟೆ. ನಮ್ಮ ಕಂಪ್ಯೂಟರ್ ವಿಭಾಗದವರು ತಲೆ ಅಲ್ಲಾಡಿಸಿದರು. ಇಂಥ ಸರ್ವರುಗಳಲ್ಲಿ ಮಾಹಿತಿಯನ್ನು ಚೂರು ಚೂರು ಮಾಡಿ ನಾಲ್ಕೂ ಡಿಸ್ಕುಗಳಿಗೆ ಹಂಚಿ ಬರೆದಿರುತ್ತದೆ. ಒಂದು ಕೆಟ್ಟರೆ ಉಳಿದ ಮೂರರಿಂದ ಲೆಕ್ಕ ಹಾಕಿ ಪೂರ್ತಿ ಪಡೆಯಬಹುದು. ಎರಡು ಹೋದರೆ ಎಲ್ಲವೂ ಹೋದಂತೆ. ಒಂದು ವೇಳೆ ಸಿಕ್ಕಿದ್ದರೂ ಇನ್ನೊಂದು ತೊಡಕಿತ್ತು. ಆ ಕಾಲದ ಪುಟಗಳು ಯೂನಿಕೋಡಿನಲ್ಲಿ ಇರಲಿಲ್ಲ. ಆಗ ಒಂದೊಂದು ಕಂಪನಿಯ ಕನ್ನಡ ಅಕ್ಷರಕ್ಕೂ ಒಂದೊಂದು ಗುಪ್ತಲಿಪಿ. ಆ ಫಾಂಟ್ ಇಲ್ಲದಿದ್ದರೆ ಕನ್ನಡ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಕೆರೆಯ ಸರಣಿ ಸಿಗಲೇ ಇಲ್ಲ. ಅದನ್ನು ಬರೆದ ಬಾತ್ಮೀದಾರರು ತೀರಿಕೊಂಡಿದ್ದಾರೆ. ಆ ಕೆರೆಯ ಗಡಿ ಆಗ ಎಲ್ಲಿತ್ತೆಂದು ಅವರು ಊರವರನ್ನು ಕೇಳಿ ಬರೆದದ್ದು ಕೆಲವು ನೂರು ರೂಪಾಯಿಗೆ ತೂಕವಾಗಿ ಹೋಯಿತು.

ಇದಕ್ಕೆ ವಿರುದ್ಧವಾದ ಕಥೆಯೂ ಇದೆ. ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ ಎಂಬ ಹಣಕಾಸು ಸಂಸ್ಥೆ ತನ್ನ ಹಳೆಯ ಸರ್ವರುಗಳನ್ನೂ ಡಿಸ್ಕುಗಳನ್ನೂ ವಿಲೇವಾರಿ ಮಾಡಲು, ಆ ಕೆಲಸದಲ್ಲಿ ಅನುಭವವಿಲ್ಲದ ಸಾಗಣೆ ಕಂಪನಿಗೆ ಒಪ್ಪಿಸಿತು. ಗ್ರಾಹಕರ ವಿವರಗಳಿದ್ದ ಕೆಲವು ಉಪಕರಣಗಳು ಅಳಿಸದೆಯೇ ಹರಾಜಿನಲ್ಲಿ ಮಾರಾಟವಾದವು. 2022ರಲ್ಲಿ ಅಲ್ಲಿನ ಷೇರು ನಿಯಂತ್ರಣ ಮಂಡಳಿಗೆ ಸಂಸ್ಥೆ 3.5 ಕೋಟಿ ಡಾಲರ್ ದಂಡ ತೆರಬೇಕಾಯಿತು. 'ಡಿಲೀಟ್' ಒತ್ತಿದ ಮಾತ್ರಕ್ಕೆ ಮಾಹಿತಿ ಅಳಿಯುವುದಿಲ್ಲ. ಪುಸ್ತಕದ ಪರಿವಿಡಿ ಹರಿದರೆ ಅಧ್ಯಾಯಗಳು ಹಾಗೇ ಉಳಿಯುವುದಿಲ್ಲವೆ, ಹಾಗೆ. ಪೂರ್ತಿ ಮೇಲೆ ಮೇಲೆ ಬರೆಯಬೇಕು, ಇಲ್ಲವೆ ಡಿಸ್ಕನ್ನೇ ಪುಡಿ ಮಾಡಬೇಕು.

ಅಳಿಸಬೇಕಾದದ್ದು ಉಳಿಯುವುದು, ಉಳಿಸಬೇಕಾದದ್ದು ಅಳಿಯುವುದು, ಎರಡೂ ಒಂದೇ ಅಜಾಗ್ರತೆಯ ಫಲ. ಹೀಗಾಗಲೇಬೇಕೆಂದಿಲ್ಲ. ನಮ್ಮ ರಾಜ್ಯದ 'ಭೂಮಿ' ಯೋಜನೆಯನ್ನೇ ನೋಡಿ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ತಾಲ್ಲೂಕು ಕಚೇರಿಗಳ ಗಣಕಯಂತ್ರಗಳಿಗೆ ತುಂಬಲಾಯಿತು. ಆ ಯಂತ್ರಗಳು ಎಂದೋ ಮೂಲೆಗೆ ಸರಿದಿರಬೇಕು. ಪಹಣಿ ಮಾತ್ರ ಇಂದಿಗೂ ಸಿಗುತ್ತಿದೆ. ಏಕೆಂದರೆ ಹಳೆಯದರಿಂದ ಹೊಸದಕ್ಕೆ ಅದನ್ನು ದಾಟಿಸುವ ಹೊಣೆ ಯಾರದೋ ಹೆಗಲ ಮೇಲಿತ್ತು. ತಾಳೆಗರಿ ಶಿಥಿಲವಾಗುವ ಮುನ್ನ ಹೊಸ ಗರಿಗೆ ಪ್ರತಿ ಮಾಡುತ್ತಿದ್ದ ನಮ್ಮ ಹಿಂದಿನವರು ಮಾಡಿದ್ದೂ ಇದನ್ನೇ.

ಮಿತ್ರರೆ, ನಿಮ್ಮಲ್ಲಿ ಅನೇಕರು ನಾಳೆ ಕಚೇರಿಗಳಲ್ಲಿ ಕೆಲಸಕ್ಕೆ ಸೇರುತ್ತೀರಿ. ಉಗ್ರಾಣ ಖಾಲಿ ಮಾಡುವ ದಿನ ಬಂದೇ ಬರುತ್ತದೆ. ಟೆಂಪೊ ಬಾಗಿಲಿಗೆ ಬರುವ ಮುನ್ನ ಮೂರು ಪ್ರಶ್ನೆ ಕೇಳಿ. ಇದರಲ್ಲಿ ಉಳಿಸಬೇಕಾದದ್ದೇನಿದೆ, ಅದರ ಪ್ರತಿ ತೆಗೆದು ತೆರೆದು ನೋಡಿದ್ದೀರಾ? ಅಳಿಸಬೇಕಾದದ್ದನ್ನು ನಿಜವಾಗಿ ಅಳಿಸಿದ್ದೀರಾ? ಈ ಬೋರ್ಡು ಕೊನೆಗೆ ಯಾರ ಹಿತ್ತಲಿಗೆ, ಯಾವ ಬೆಂಕಿಗೆ ಹೋಗುತ್ತದೆ? ಮೂರಕ್ಕೂ ಉತ್ತರ ಸಿಕ್ಕ ಮೇಲೆ ತಕ್ಕಡಿಗೆ ಹಾಕಿ.

ನಾನು ಆ ದಿನ ಹೊರಟಾಗ ಯಜಮಾನರು ಹೇಳಿದ್ದು ಇಷ್ಟೇ: 'ಒಂದು ಫೋನ್ ಮಾಡಿದ್ರೆ ಇಟ್ಕೊಂಡಿರ್ತಿದ್ದೆ ಮೇಡಂ. ನಮಗೆ ಯಾರೂ ಏನೂ ಹೇಳೋದಿಲ್ಲ.' ತಪ್ಪು ಅವರದಾಗಿರಲಿಲ್ಲ.