ಸದ್ಗೃಹಸ್ಥರ ಆಯವ್ಯಯ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)

 

ಈ ಮಂಗಲ ಸಮಯದಲ್ಲಿ ಷಟ್‌ಸ್ಥಲದ ಮೇಲೆಯೋ ಅಷ್ಟಾವರಣದ ಮೇಲೆಯೋ ನಾನು ನಾಲ್ಕು ಮಾತು ಹೇಳುವೆನೆಂದು ತಾವು ನಿರೀಕ್ಷಿಸಿರಬಹುದು. ಆ ವಿಷಯಗಳನ್ನು ನನಗಿಂತ ಬಲ್ಲವರು ಈ ವೇದಿಕೆಯ ಮೇಲೆ ಹೇಳಿರುವರು. ನಾನು ಅರಿಕೆ ಮಾಡತಕ್ಕದ್ದು ಅಡುಗೆಮನೆಯ ಲೆಕ್ಕ. ಇದು ಇಂಥ ಸಭೆಗೆ ಸಲ್ಲದ ಅಲ್ಪ ವಿಷಯವೆಂದು ಯಾರೂ ಭಾವಿಸಬಾರದು. ಯಾಕಂದರೆ ಮನೆಯ ಲೆಕ್ಕ ಕೆಟ್ಟಲ್ಲಿ ಕಾಯಕವೂ ನೆಲೆನಿಲ್ಲದು, ದಾಸೋಹವೂ ನಡೆಯದು.

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಮಾಡುತ್ತಿದ್ದುದು ತಮಗೆಲ್ಲ ವಿದಿತವೇ ಇದೆ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಪತಿಗೆ ಹೇಳಿದರು. ಈ ಕಥೆಯನ್ನು ನಾವು ನಿರಾಶೆಗೆ ದೃಷ್ಟಾಂತವಾಗಿ ಹೇಳುತ್ತೇವೆ; ಅದು ಯುಕ್ತವೇ. ಆದರೆ ಇದರೊಳಗೆ ಇನ್ನೊಂದು ಸಂಗತಿ ಅಡಗಿದೆ. ಅಕ್ಕಿ ಹೆಚ್ಚಾಯಿತೆಂದು ಆ ತಾಯಿಗೆ ತಿಳಿದುದು ಹೇಗೆ? ದಿನಕ್ಕೆ ಬೇಕಾದುದು ಎಷ್ಟೆಂಬ ಅಳತೆ ಅವರ ಮನಸ್ಸಿನಲ್ಲಿ ನಿಶ್ಚಿತವಾಗಿದ್ದುದರಿಂದ. ಅಳತೆ ಅರಿಯದವರಿಗೆ ಹೆಚ್ಚಾದುದೂ ತಿಳಿಯದು, ಕಡಿಮೆಯಾದುದೂ ತಿಳಿಯದು.

ಇಲ್ಲಿ ಒಂದು ಆಕ್ಷೇಪ ಹುಟ್ಟುವುದು. ನಾಳೆಗೆಂದು ಇಡುವುದನ್ನೇ ಒಪ್ಪದ ಶರಣರ ಹೆಸರಿನಲ್ಲಿ ಕೂಡಿಡುವ ಮಾತು ಸಲ್ಲುವುದೇ? ಸಲ್ಲುವುದು. ಆಸೆಗಾಗಿ ಕೂಡಿಡುವುದು ಬೇರೆ, ಗೊತ್ತಿರುವ ಅಗತ್ಯಕ್ಕೆ ಎತ್ತಿಡುವುದು ಬೇರೆ. ಒಕ್ಕಲಿಗನು ಬಿತ್ತನೆಯ ಕಾಳನ್ನು ಬೇರೆ ಕಟ್ಟಿಡುವುದನ್ನು ಯಾರೂ ಲೋಭವೆನ್ನರು. ನಮ್ಮ ಉತ್ತರದ ಸೀಮೆಯಲ್ಲಿ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದುದು ಬರಗಾಲದ ನೆನಪಿನಿಂದಲೇ ಹೊರತು ಸಿರಿವಂತಿಕೆಯ ಬಯಕೆಯಿಂದಲ್ಲ.

ಈ ಅಳತೆ ತಪ್ಪಿದರೆ ಏನಾಗುವುದೆಂಬುದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನಾನು ಪಾಠಶಾಲೆಯಲ್ಲಿ ಶಬ್ದಮಣಿದರ್ಪಣದ ಸೂತ್ರಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದ ಕಾಲದಲ್ಲಿ ಅಕ್ಕನ ಮದುವೆ ನಡೆಯಿತು. ಊರವರು ಮೆಚ್ಚಬೇಕೆಂದು ತಂದೆಯವರು ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯ ಸಾಲ ತಂದರು. ಮೂರು ದಿನ ಊಟ ನಡೆಯಿತು, ಊರು ಮೆಚ್ಚಿತು. ಆ ಬಡ್ಡಿಯೆಂದರೆ ವರ್ಷಕ್ಕೆ ನೂರಕ್ಕೆ 36 ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಕೂಡಿಸಿ ನೋಡಲಿಲ್ಲ. ಇಂಥ ಸಾಲ 50,000 ರೂಪಾಯಿ ಇದ್ದರೆ ವರ್ಷಕ್ಕೆ ಬಡ್ಡಿಯೇ 18,000. ಮೂರು ವರ್ಷಕ್ಕೆ 54,000. ಬಡ್ಡಿಯು ಅಸಲನ್ನು ಮೀರಿದರೂ ಅಸಲು ಹಾಗೆಯೇ ನಿಂತಿರುವುದು. ಕಡೆಗೆ ಬಾವಿಯ ಪಕ್ಕದ ಹೊಲ ಮಾರಿದೆವು. ಪತ್ರವಾದ ದಿನ ತಾಯಿ ಒಲೆ ಹಚ್ಚಲಿಲ್ಲ. ಸಂಧಿ ಸಮಾಸಗಳನ್ನು ಬಿಡಿಸಬಲ್ಲವನಾಗಿದ್ದ ನಾನು ಬಡ್ಡಿಯ ಲೆಕ್ಕವನ್ನು ಅಂದು ಕಲಿತೆನು.

ಆದಕಾರಣ ಗೃಹಸ್ಥರು ಮಾಡತಕ್ಕ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಮೊದಲು ಒಂದು ತಿಂಗಳು ಯಾವ ಖರ್ಚನ್ನೂ ತಡೆಯದೆ, ನಡೆದುದನ್ನು ನಡೆದಂತೆ ಬರೆಯಬೇಕು. ಚಹಾ ಎಲೆಯಡಿಕೆಗಳನ್ನೂ ಬಿಡಬಾರದು. ಈಗ ಮೊಬೈಲಿನಿಂದ ಹಣ ಕೊಡುವ ರೂಢಿ ಬಂದಿರುವುದರಿಂದ ಇದು ಹೆಚ್ಚು ಅವಶ್ಯ. ಕೈಯಿಂದ ನೋಟು ಬಿಡುವಾಗ ಆಗುವ ಎಚ್ಚರ ಅಲ್ಲಿ ಆಗದು.

ಎರಡನೆಯದಾಗಿ, ಬರುವ ಹಣದಲ್ಲಿ ಅನಿವಾರ್ಯವಾದವುಗಳ ಪಾಲನ್ನು ಮೊದಲು ತೆಗೆಯಬೇಕು. ಐವರು ಇರುವ, ತಿಂಗಳಿಗೆ 18,000 ರೂಪಾಯಿ ಬರುವ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಕಾಳುಕಡಿ, ಎಣ್ಣೆ, ಹಾಲು, ಕಾಯಿಪಲ್ಯಕ್ಕೆ 8,000, ಮನೆಬಾಡಿಗೆಗೆ 3,000, ದೀಪ, ನೀರು, ಉರುವಲಿಗೆ 1,500, ಮಕ್ಕಳ ವಿದ್ಯೆಗೆ 1,500, ಔಷಧಕ್ಕೆ 1,000, ಹೋಗಿ ಬರುವುದಕ್ಕೂ ಮೊಬೈಲಿಗೂ 1,000. ಅಲ್ಲಿಗೆ 16,000 ಆಯಿತು.

ಉಳಿದ 2,000ದಲ್ಲಿಯೇ ಸಂಸಾರದ ಅಳಿವು ಉಳಿವು ಇದೆ. ಶಾಲೆ ತೆರೆದಾಗ ಪಟ್ಟಿಪುಸ್ತಕ, ದೀಪಾವಳಿಗೆ ಬಟ್ಟೆ, ಇವು ವರ್ಷಕ್ಕೊಮ್ಮೆ ತಪ್ಪದೆ ಬರತಕ್ಕವು. ಬರುವುದೆಂದು ಗೊತ್ತಿದ್ದೂ ನಾವು ಇವನ್ನು ಅನಿರೀಕ್ಷಿತವೆಂದು ಕರೆದು ಸಾಲ ಮಾಡುತ್ತೇವೆ. ಇವುಗಳಿಗೆ ವರ್ಷಕ್ಕೆ 12,000 ಬೇಕಾದರೆ ತಿಂಗಳಿಗೆ 1,000 ಎತ್ತಿಡಬೇಕು. ಇನ್ನು 700 ರೂಪಾಯಿ ಆಪತ್ತಿಗೆ; ವರ್ಷಕ್ಕೆ ಅದು 8,400 ಆಗುವುದು. ಮಿಕ್ಕ 300 ದಾಸೋಹಕ್ಕೆ. ಹೊಲವನ್ನೇ ನಂಬಿದವರು ಸುಗ್ಗಿಯ ಹಣದಲ್ಲಿ ಬೀಜ ಗೊಬ್ಬರ ಕೂಲಿಗಳ ಪಾಲನ್ನು ಮೊದಲು ತೆಗೆದು, ಉಳಿದುದನ್ನು 12 ಭಾಗ ಮಾಡಿ, ತಿಂಗಳಿಗೆ ಒಂದು ಭಾಗವನ್ನೇ ಮುಟ್ಟತಕ್ಕದ್ದು. ಅಂಕಿಗಳು ಮನೆಮನೆಗೂ ಬೇರೆಯಾಗಬಹುದು, ಕ್ರಮ ಒಂದೇ.

ಮೂರನೆಯದಾಗಿ, ಈ ಲೆಕ್ಕವನ್ನು ಪತಿಪತ್ನಿಯರು ಕೂಡಿ ಕುಳಿತು ಬರೆಯಬೇಕು. ಸಾಲದ ಸಂಗತಿಯನ್ನು ಹೆಂಡತಿಗೆ ಮರೆಮಾಡುವ ಯಜಮಾನರನ್ನು ನಾನು ಬಹಳ ಕಂಡಿದ್ದೇನೆ. ನನ್ನ ತಾಯಿಯನ್ನು ಒಂದು ಮಾತು ಕೇಳಿದ್ದರೆ ಆ ಹೊಲ ಉಳಿಯುತ್ತಿತ್ತೆಂದು ನಾನು ಇಂದಿಗೂ ನಂಬಿದ್ದೇನೆ. ಲಕ್ಕಮ್ಮನವರ ಮಾತನ್ನು ಮಾರಯ್ಯನವರು ಕೇಳಿದರು. ಅವರ ಹಿರಿಮೆಯೂ ಅದರಲ್ಲಿದೆ.

ಕಡೆಯದಾಗಿ, ಮಠದ ಅನ್ನ ಉಂಡವನಾಗಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಜಾತ್ರೆಗೆಂದು, ಕಾಣಿಕೆಗೆಂದು, ಪಾದಪೂಜೆಗೆಂದು ಯಾರೂ ಸಾಲ ಮಾಡಬೇಡಿರಿ. ಕಾಯಕದಿಂದ ಬಂದುದೇ ದಾಸೋಹಕ್ಕೆ ಸಲ್ಲುವ ಪದಾರ್ಥ. ಬಡ್ಡಿಗೆ ತಂದುದು ನಿಮ್ಮ ಕಾಯಕದಿಂದ ಬಂದುದಲ್ಲ. ಮಕ್ಕಳ ಹಾಲಿನಿಂದ ಉಳಿಸಿದ ನೂರು ರೂಪಾಯಿಗಿಂತ, ಲೆಕ್ಕದಲ್ಲಿ ಮಿಕ್ಕ ಒಂದು ರೂಪಾಯಿ ಶ್ರೇಷ್ಠ. ಏನೂ ಮಿಗದ ವರ್ಷದಲ್ಲಿ ಬರಿಗೈಯಿಂದ ಬಂದು ಪ್ರಸಾದ ಸ್ವೀಕರಿಸಿರಿ. ಅದರಿಂದ ಮಠಕ್ಕೆ ಕುಂದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಎಲ್ಲರೂ ಬಲ್ಲೆವು. ಹಾಸಿಗೆ ಎಷ್ಟುದ್ದವೆಂದು ಅಳೆದು ನೋಡಿದವರು ಮಾತ್ರ ಕೆಲವರು. ಇಂದು ಊರಿಗೆ ಮರಳಿದ ಮೇಲೆ ಮಕ್ಕಳ ಹಳೆಯ ಪಟ್ಟಿಯೊಂದರ ಖಾಲಿ ಹಾಳೆಯಲ್ಲಿ ಈ ಪ್ರಯಾಣದ ಖರ್ಚನ್ನೇ ಮೊದಲನೆಯ ಸಾಲಾಗಿ ಬರೆಯಿರಿ ಎಂದು ಬೇಡಿಕೊಳ್ಳುವೆನು.