ಮರವೆಯ ರೋಗಿಗಳ ಸೇವೆಯೂ ಸೇವಕರ ಶಿಕ್ಷಣವೂ



ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಕೇಳದವರು ಕನ್ನಡನಾಡಿನಲ್ಲಿ ವಿರಳ. ಗಾದೆಯು ನಗೆಗಾಗಿ ಹುಟ್ಟಿದ್ದಾದರೂ ಅದರಿಂದಾದ ಅನರ್ಥವು ನಗತಕ್ಕದ್ದಲ್ಲ. ಹಿರಿಯರೊಬ್ಬರು ತಮ್ಮ ಹೊಲದ ದಾರಿಯನ್ನೇ ತಪ್ಪಿದರೆ, ಮಗನ ಹೆಸರನ್ನು ಮರೆತರೆ, ಉಂಡೆದ್ದ ಸ್ವಲ್ಪ ಹೊತ್ತಿನಲ್ಲಿಯೇ ರೊಟ್ಟಿ ಬಡಿಸಿಲ್ಲವೆಂದು ಅತ್ತರೆ, ಮನೆಯವರು ಈ ಮಾತನ್ನಾಡಿ ಸುಮ್ಮನಾಗುತ್ತಾರೆ. ದವಾಖಾನೆಯ ಬಾಗಿಲಿಗೆ ಹೋಗತಕ್ಕ ರೋಗವು ಹೀಗೆ ಗಾದೆಯ ಮರೆಯಲ್ಲಿ ಅಡಗಿಬಿಡುತ್ತದೆ.

ಇದು ರೋಗವೇ ಹೊರತು ಬರಿಯ ಮುಪ್ಪಲ್ಲ. ವೈದ್ಯರು ಇದನ್ನು ಡಿಮೆನ್ಷಿಯಾ ಎಂದು ಕರೆಯುತ್ತಾರೆ. 1906ರಲ್ಲಿ ಜರ್ಮನಿಯ ಅಲೋಯ್ಸ್ ಆಲ್ಜೈಮರ್ ಎಂಬ ವೈದ್ಯನು, ಐವತ್ತು ದಾಟಿದೊಡನೆ ಮರವೆಗೆ ಸಿಕ್ಕಿ ಮೃತಳಾದ ಸ್ತ್ರೀಯೊಬ್ಬಳ ಮೆದುಳಿನಲ್ಲಿ ಕಂಡ ವಿಕಾರಗಳನ್ನು ವಿದ್ವತ್ಸಭೆಯ ಮುಂದಿಟ್ಟನು. ಈ ರೋಗದ ಅನೇಕ ಬಗೆಗಳಲ್ಲಿ ಹೆಚ್ಚಾಗಿ ಕಾಣುವುದು ಆತನ ಹೆಸರಿನದೇ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ವರ್ಷ ಮೀರಿದವರ ಪೈಕಿ ನೂರಕ್ಕೆ 7.4ರಷ್ಟು, ಒಟ್ಟು ಸುಮಾರು 88 ಲಕ್ಷ ಮಂದಿಗೆ ಈ ರೋಗವುಂಟು. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಅಂದರೆ ನೂರರಲ್ಲಿ ತೊಂಬತ್ತಕ್ಕೂ ಮಿಕ್ಕ ಹಿರಿಯರಿಗೆ ಇದಿಲ್ಲ. ಅಲ್ಲಿಗೆ ಗಾದೆಯು ಸುಳ್ಳಾಯಿತು.

ಇನ್ನೊಂದು ಸಂದೇಹವನ್ನೂ ಇಲ್ಲಿಯೇ ಪರಿಹರಿಸಿಕೊಳ್ಳಬೇಕು. ಶರಣರ ಪರಿಭಾಷೆಯಲ್ಲಿ ಅರಿವಿಗೆ ಪ್ರತಿಯಾದುದು ಮರವೆ. ತನ್ನ ನಿಜವನ್ನು ಮರೆತು ವಿಷಯಗಳಲ್ಲಿ ಮುಳುಗಿದವನ ಮರವೆ ಅದು. ಅದಕ್ಕೆ ಅವನೇ ಹೊಣೆ. ಮೆದುಳು ಸೊರಗಿ ಬಂದ ಮರವೆಗೆ ರೋಗಿಯು ಹೊಣೆಯಲ್ಲ. ಕಣ್ಣಿಗೆ ಪೊರೆ ಬಂದವನನ್ನು ಅಜ್ಞಾನಿಯೆಂದು ಕರೆಯುವರುಂಟೆ?

ಎಂಬತ್ತು ವರ್ಷದ ಮುದುಕನೊಬ್ಬನು ಬೆಳಗಿನ ಲಿಂಗಪೂಜೆಯನ್ನು ಮುಗಿಸಿ, ಮುಗಿಸಿದುದನ್ನು ಮರೆತು, ಮತ್ತೆ ಮತ್ತೆ ಪೂಜೆಗೆ ಕೂಡುತ್ತಾನೆಂದು ಭಾವಿಸಿರಿ. ಈಗ ತಾನೆ ಆಯಿತಲ್ಲವೆಂದು ಸೊಸೆ ಗದರುತ್ತಾಳೆ, ಪೂಜೆಗೆ ಅಡ್ಡಿಮಾಡಿದಳೆಂದು ಅವನು ಸಿಡಿಯುತ್ತಾನೆ, ಮನೆ ರಣರಂಗವಾಗುತ್ತದೆ. ಸೊಸೆಯು ದುಷ್ಟಳಲ್ಲ. ಎಷ್ಟೋ ರಾತ್ರಿ ನಿದ್ದೆಯಿಲ್ಲದವಳು, ಹೀಗೆ ಮಾಡೆಂದು ಯಾರೂ ಕಲಿಸದವಳು. ಕಲಿತ ಪರಿಚಾರಕಿಯಾದರೋ ವಾದಿಸುವುದಿಲ್ಲ. ವಿಭೂತಿಯ ಗಟ್ಟಿಯನ್ನು ಕೈಗಿತ್ತು ಎದುರಿಗೆ ಕುಳಿತುಕೊಳ್ಳುತ್ತಾಳೆ. ಮಕ್ಕಳ ಹೆಸರು ಮರೆತ ಮುದುಕನ ಬೆರಳುಗಳು ಹಣೆಯ ಮೇಲೆ ಮೂರೆಳೆಗಳನ್ನು ತಪ್ಪದೆ ಎಳೆಯುತ್ತವೆ. ಕೈಯ ಅಭ್ಯಾಸವು ನೆನಪಿಗಿಂತ ತಡವಾಗಿ ಅಳಿಯುತ್ತದೆಂಬುದನ್ನು ವೈದ್ಯರೂ ಒಪ್ಪುತ್ತಾರೆ. ಪ್ರೀತಿ ಇಬ್ಬರಲ್ಲಿಯೂ ಉಂಟು. ಶಿಕ್ಷಣವು ಒಬ್ಬಳಲ್ಲಿ ಮಾತ್ರ.

ಹೀಗೆ ಕಲಿಸುವುದು ಸಾಧ್ಯವೇ ಎಂದರೆ ಬಳ್ಳಾರಿ ಜಿಲ್ಲೆಯೇ ಸಾಕ್ಷಿ. 1985ರ ಸುಮಾರಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ವೈದ್ಯರಿಗೂ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳ ವಿಷಯದಲ್ಲಿ ಶಿಕ್ಷಣವಿತ್ತಿತು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. 2022ರಲ್ಲಿ ಕರ್ನಾಟಕ ಸರ್ಕಾರವು ನಿಮ್ಹಾನ್ಸ್‌ನೊಡಗೂಡಿ ಮೆದುಳಿನ ಆರೋಗ್ಯದ ಕಾರ್ಯವನ್ನು ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರುಗಳಲ್ಲಿ ತೊಡಗಿ, ಮರವೆಯ ರೋಗವನ್ನೂ ಗುರುತಿಸುವಂತೆ ವೈದ್ಯರನ್ನು ಸಿದ್ಧಗೊಳಿಸಿತು. ಆದರೆ ರೋಗಿಯು ವೈದ್ಯನ ಎದುರಿಗಿರುವುದು ಅರ್ಧ ತಾಸು. ಉಳಿದ ಕಾಲವೆಲ್ಲ ಮನೆಯಲ್ಲಿ. ರೋಗವನ್ನು ಹಿಂದಿರುಗಿಸುವ ಔಷಧವು ಬಹುಮಟ್ಟಿಗೆ ಇಲ್ಲದಿರುವಲ್ಲಿ ಶುಶ್ರೂಷೆಯೇ ಮುಖ್ಯ ಔಷಧ. ಆದುದರಿಂದ ಆ ಮನೆಯ ಹೊಸ್ತಿಲು ತುಳಿಯುವ ಆಶಾ ಕಾರ್ಯಕರ್ತೆಯೂ, ದಾದಿಯೂ, ವೃದ್ಧಾಶ್ರಮದ ಪರಿಚಾರಕನೂ ಕಲಿಯತಕ್ಕದ್ದು.

ಅವರು ಕಲಿಯತಕ್ಕ ವಿಷಯಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು, ವಿವೇಚನೆ. ತಿಂಗಳುಗಟ್ಟಲೆ ಮೆಲ್ಲನೆ ಬೆಳೆದ ಮರವೆ ಬೇರೆ. ಜ್ವರದಿಂದಲೋ, ಈ ಸೀಮೆಯ ಬೇಸಗೆಯ ಉರಿಯಲ್ಲಿ ನೀರು ಸಾಲದೆಯೋ ಒಂದೆರಡು ದಿನಗಳಲ್ಲಿ ಬಂದ ಭ್ರಮೆ ಬೇರೆ. ಎರಡನೆಯದಕ್ಕೆ ತಡಮಾಡದೆ ಚಿಕಿತ್ಸೆಯಾಗಬೇಕು. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆಗಳೂ ಮರವೆಯಂತೆ ತೋರುವುದುಂಟು. ಇವು ಚಿಕಿತ್ಸೆಗೆ ಬಗ್ಗುವಂಥವು.

ಎರಡನೆಯದು, ನುಡಿ. ಎದುರಿಗೆ ನಿಂತು, ಹೆಸರು ಹಿಡಿದು, ಒಂದು ಸಲಕ್ಕೆ ಒಂದೇ ಮಾತು, ಅದೂ ರೋಗಿಯ ತಾಯ್ನುಡಿಯಲ್ಲಿ. ಸೇಡಂ ಚಿಂಚೋಳಿಗಳಲ್ಲಿ ತೆಲುಗು, ಶಹಾಬಾದ್ ವಾಡಿಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಮಾತು ಕನ್ನಡದೊಡನೆ ಬೆರೆತಿವೆ. ತಡವಾಗಿ ಕಲಿತ ಭಾಷೆ ಮೊದಲು ಜಾರಿ, ತಾಯಿ ಕಲಿಸಿದ್ದು ಉಳಿಯುವುದುಂಟು. ಅಕ್ಷರವರಿಯದ ಅಜ್ಜಿಗೆ ತಾರೀಖು ಕೇಳಿ ಬುದ್ಧಿಯನ್ನಳೆಯಬಾರದು. ತೊಗರಿಯ ರಾಶಿ ಆಯಿತೇ, ಯಾವ ಹಬ್ಬ ಸಮೀಪಿಸಿದೆ ಎಂದು ಕೇಳತಕ್ಕದ್ದು.

ಮೂರನೆಯದು, ರಕ್ಷಣೆ. ಮರವೆಯವರು ಮನೆಬಿಟ್ಟು ಅಲೆಯುತ್ತಾರೆ. ಶಹಾಬಾದಿನ ಹಾಸುಗಲ್ಲಿನ ಗಣಿಗಳು, ವಾಡಿಯ ರೈಲುಹಳಿಗಳು, ಕಾಗಿಣಾ ಹೊಳೆಯ ದಡ, ಹೊಲದ ತೆರೆಬಾವಿಗಳು ಅವರಿಗೆ ಮೃತ್ಯುಮುಖಗಳು. ಆದರೂ ಕಟ್ಟಿಹಾಕುವುದು ರಕ್ಷಣೆಯಲ್ಲ. ಜೊತೆಗೊಬ್ಬರು ನಡೆಯುವುದೂ, ಕೊರಳಲ್ಲಿ ಹೆಸರೂರುಗಳ ಚೀಟಿಯಿರುವುದೂ, ನೆರೆಹೊರೆಗೆ ತಿಳಿದಿರುವುದೂ ರಕ್ಷಣೆ.

ನಾಲ್ಕನೆಯದು, ಆರೈಕೆ ಮಾಡುವವರ ಆರೈಕೆ. ಮಕ್ಕಳು ಪುಣೆ, ಮುಂಬಯಿ, ಹೈದರಾಬಾದುಗಳಿಗೆ ದುಡಿಯಹೋದ ಮನೆಗಳಲ್ಲಿ ಮುದುಕಿಯೊಬ್ಬಳೇ ಮುದುಕನನ್ನು ಕಾಯುವುದು ಉಂಟು. ರೋಗಿಯನ್ನು ನೋಡಬಂದವರು ಆಕೆಯನ್ನೂ ನೀನು ಮಲಗಿದೆಯಾ, ಉಂಡೆಯಾ ಎಂದು ಕೇಳಬೇಕು. ಧೈರ್ಯಕ್ಕೂ ಸಲಹೆಗೂ ಟೆಲಿಮಾನಸ್ ಎಂಬ ಸರ್ಕಾರದ ದೂರವಾಣಿ 14416 ಇದೆಯೆಂದು ತಿಳಿಸಬೇಕು.

ದಾಸೋಹವೆಂದರೆ ಅನ್ನ ನೀಡುವುದು ಮಾತ್ರವಲ್ಲ. ಹಸಿದವನು ಕೈಯೊಡ್ಡಿ ಕೇಳಿಯಾನು; ಹಸಿವೆಯ ಹೆಸರನ್ನೇ ಮರೆತವನು ಏನೆಂದು ಕೇಳಬೇಕು? ಅವನನ್ನು ಅರಿಯುವುದಕ್ಕೆ ಸೇವಕನು ಕಲಿತಿರಬೇಕು. ಮಠಗಳ ಜಗಲಿಗಳು ಅಕ್ಷರ ಕಲಿಸಿವೆ. ತಿಂಗಳಿಗೊಂದು ದಿನ ತಾಲ್ಲೂಕಿನ ವೈದ್ಯರನ್ನು ಕರೆದು, ದಾದಿಯರನ್ನೂ ಸೊಸೆಯಂದಿರನ್ನೂ ಕೂಡಿಸಿ ಈ ವಿದ್ಯೆಯನ್ನು ಕಲಿಸಿದರೆ ಈ ಮಹೋತ್ಸವವು ಸಾರ್ಥಕವಾದೀತು. ತನ್ನನ್ನೇ ಮರೆತವರನ್ನು ಸಮಾಜವು ಮರೆಯದಿರಲಿ.